ಜ್ವರಕ್ಕೆ ಕೂತ ಹುಳು, ಕಾಣದ ಕಾರ್ಡು

ಹುಳುಗಳಿಗೆ ಜ್ವರ ಎಂಬ ಸುದ್ದಿ ನನಗೆ ಮುಟ್ಟಿದ್ದು ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ. ಬೆಳಿಗ್ಗೆ ರಾಯದುರ್ಗದಿಂದ ಹೊರಟವನು ಅಲ್ಲಿಳಿದು ಮಡಕಶಿರದ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಸರ್ವರ್ ಮಲಗಿತ್ತು. ಫೋನಿನ ಆ ತುದಿಯಲ್ಲಿ ನನ್ನ ನಾದಿನಿ, ಹೆಂಡತಿಯ ತಂಗಿ.

“ಬಾವ, ಎಲ್ಲಿದೀಯ? ಬಿರ್ರನೆ ಬಾ. ಎರಡನೇ ರೂಮಿನ ಹುಳ ಜ್ವರಕ್ಕೆ ಕೂಡ್ತಾ ಅವೆ.”

“ಜ್ವರ? ಯಾವಾಗಿಂದ? ಎಷ್ಟು ಹುಳಕ್ಕ?”

“ಎಷ್ಟು ಅಂದ್ರೆ? ಎಲ್ಲಕ್ಕೂ ಕಣ್ ಬಾವ. ಕೂತ್ರೆ ಒಟ್ಟಿಗೇ ಕೂಡ್ಬೇಕು, ಅದೇ ಚೆಂದ.”

ಫೋನು ಕಟ್ಟಾಯಿತು. ಅವಳ ದನಿಯಲ್ಲಿ ಗಾಬರಿಯೇ ಇರಲಿಲ್ಲ, ಮತ್ತು ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕೈ ಮೀರಿದ ಮೇಲೆ ಕೆಲವರು ಹೀಗೆ ತಣ್ಣಗಾಗಿಬಿಡುತ್ತಾರೆ. ‘ಅದೇ ಚೆಂದ’ ಎಂದಳಲ್ಲ, ಪಾಪ, ತಲೆ ಕೆಟ್ಟಿರಬೇಕು ಎಂದುಕೊಂಡೆ. ಜೇಬಿನಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಹಣೆಗೆ, ಕಪಾಳಕ್ಕೆ, ಮೂಗಿನ ಕೆಳಗೆ ಉಜ್ಜಿಕೊಂಡೆ. ಚಿಂತೆ ಹತ್ತಿದಾಗ ಇದನ್ನು ಹಚ್ಚಿಕೊಳ್ಳುವುದು ನನ್ನ ಅಭ್ಯಾಸ. ಚಿಂತೆ ಸದಾ ಇರುವುದರಿಂದ ನಮ್ಮ ಮನೆಯಲ್ಲಿ ನಾನು ಯಾವ ಕೋಣೆಯಲ್ಲಿದ್ದೇನೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು.

ನಾನು ರಾಯದುರ್ಗದ ಒಂದು ಗಾರ್ಮೆಂಟ್ ಘಟಕದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಜೀನ್ಸ್ ಪ್ಯಾಂಟು ಹೊಲಿಯುವಲ್ಲಿ ಕಂಪ್ಯೂಟರ್ ಕೆಟ್ಟರೆ ಹೆಚ್ಚೆಂದರೆ ಒಂದು ಲಾರಿ ತಡವಾಗಿ ಹೊರಡುತ್ತದೆ. ಪ್ಯಾಂಟಿಗೆ ಜೀವವಿಲ್ಲ. ಆ ಒಂದು ಕಾರಣಕ್ಕೇ ಇಷ್ಟು ವರ್ಷ ಅಲ್ಲಿ ಬಾಳಿದ್ದೇನೆ. ಆದರೆ ನಾದಿನಿ, ಅಗಳಿಯ ಹತ್ತಿರದ ತನ್ನ ಗಂಡನ ಊರಿನಲ್ಲಿ ಚಾಕಿ ಮನೆ ನಡೆಸುತ್ತಾಳೆ. ರೇಷ್ಮೆ ಮೊಟ್ಟೆ ಒಡೆದು ಬಂದ ಕರೀ ಚುಕ್ಕೆಯಂಥ ಮರಿಗಳನ್ನು ಎಳೆತನ ಕಳೆಯುವವರೆಗೆ ಸಾಕಿ, ಆಮೇಲೆ ಸುತ್ತಲ ರೈತರಿಗೆ ಕೊಡುವ ಕೆಲಸ. ಆ ಮರಿಗಳಿಗೆ ಹದವಾದ ಬಿಸಿ ಬೇಕು, ಹದವಾದ ತೇವ ಬೇಕು. ಮೊದಲು ಒದ್ದೆ ಗೋಣಿಚೀಲ ಕಟ್ಟಿ, ಇದ್ದಿಲ ಕುಂಪಟಿ ಇಟ್ಟು ಸಂಭಾಳಿಸುತ್ತಿದ್ದಳು. ಹೋದ ವರ್ಷ ಅವರ ಮನೆಯಲ್ಲಿ ಉಂಡು ಕೂತಾಗ, ಹೊಟ್ಟೆ ತುಂಬಿದ ಧೈರ್ಯದಲ್ಲಿ ನಾನೇ ಬಾಯಿಬಿಟ್ಟೆ: “ಇದನ್ನೆಲ್ಲ ಒಂದು ಕಂಪ್ಯೂಟರು ನೋಡ್ಕಂತೈತಿ ಬಿಡವ್ವಾ. ನಾ ಮಾಡಿಕೊಡ್ತೀನಿ.”

ಮಾಡಿಯೂ ಕೊಟ್ಟೆ. ಒಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರೊಳಗೆ ಎರಡು ಪೋರ್ಟುಗಳ ಒಂದು ಸೀರಿಯಲ್ ಕಾರ್ಡು ಕೂಡಿಸಿದೆ. ಪೋರ್ಟಿಗೊಂದರಂತೆ ಕೋಣೆಗೊಂದು ವೈರು. ಅದೇ ವೈರು ಕೋಣೆಯ ಬಿಸಿ, ತೇವದ ಸುದ್ದಿ ತರುತ್ತದೆ. ಮಂಜು ಬಿಡುವ ಯಂತ್ರಕ್ಕೂ ಹೀಟರಿಗೂ ಹೊತ್ತಿಕೋ, ಆರು ಎಂಬ ಆಜ್ಞೆಯನ್ನೂ ಒಯ್ಯುತ್ತದೆ. ವರ್ಷವಿಡೀ ಅದು ನಡೆಯಿತು. ನಡೆಯುತ್ತಿದೆ ಎಂದು ನಾನು ವರ್ಷವಿಡೀ ಹೆದರಿದೆ. ಈಗ ಸಿಡಿಲಿಗೋ ಕರೆಂಟಿನ ಹೊಡೆತಕ್ಕೋ ಕಂಪ್ಯೂಟರು ಸುಟ್ಟಿತ್ತು. ಕಾರ್ಡು ಮಾತ್ರ ಉಳಿದಿತ್ತು. ಘಟಕದಲ್ಲಿ ಬೇಡವೆಂದು ಎತ್ತಿಟ್ಟಿದ್ದ ಸರ್ವರ್ ಒಂದನ್ನು ಕೇಳಿ ಪಡೆದು ಹೊತ್ತು ಹೊರಟಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಗಂಟಿನ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಏನಿದು ಎಂದ. ಸರ್ವರ್ ಎಂದೆ. “ಸರ್ವರಾ? ಹೋಟೆಲ್‌ನಾಗ ಇಡ್ಲಿ ಕೊಡೋನು ಈಟು ಚಿಕ್ಕೋನಾ?” ಎಂದು ಕನ್ನಡಕ್ಕೆ ತಿರುಗಿಕೊಂಡು ನಕ್ಕ. ಸುತ್ತಲಿನವರೂ ನಕ್ಕರು. ನಾನು ನಗಲಿಲ್ಲ. ನನ್ನ ಕಣ್ಣೆದುರು ಜ್ವರ ಬಂದ ಹುಳುಗಳು ಮೈ ಸುಟ್ಟುಕೊಂಡು ಸಾಲಾಗಿ ಮಲಗಿದ್ದವು. ಹೀಟರ್ ಹೊತ್ತಿಕೊಂಡು ಆರಲಿಲ್ಲವೇನೋ. ಕುಂಪಟಿಯ ಹೊಗೆಯೇನೋ. ಫೋನಿನಲ್ಲಿ ಹುಳುವಿನ ಜ್ವರಕ್ಕೆ ಔಷಧಿ ಹುಡುಕಿದರೆ ಸಿಗ್ನಲ್ ಇಲ್ಲ. ಒಂದೊಂದು ಊರು ಬಂದಂತೆ ಒಂದೊಂದು ಸಾರಿ ಮುಲಾಮು ಹಚ್ಚಿಕೊಂಡೆ. ಮಡಕಶಿರದಲ್ಲಿಳಿದು ಆಟೋ ಹಿಡಿದು ಅವಳ ಊರು ಮುಟ್ಟುವಾಗ ನನ್ನ ಮುಖ ಹೊಳೆಯುತ್ತಿತ್ತು.

ನಾದಿನಿ ಚಾಕಿ ಮನೆಯ ಬಾಗಿಲಲ್ಲೇ ತಡೆದಳು. ಸೆರಗು ಮೂಗಿಗೆ ಹಿಡಿದಳು.

“ಅಲ್ಲೇ ನಿಲ್ಲು ಬಾವ! ಏನ್ ಬಳ್ಕೊಂಡು ಬಂದಿದೀಯ?”

“ಮುಲಾಮವ್ವಾ. ತಲೆ ನೋವು. ಅದಿರ್ಲಿ, ಜ್ವರ ಈಗ ಹೆಂಗೈತಿ? ಇಳೀತಾ? ಡಾಕ್ಟರು ಯಾರಾರ ಬಂದಿದ್ರಾ?”

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. ನಗು ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು: “ಅಯ್ಯೋ ಬಾವ, ಜ್ವರ ಅಂದ್ರೆ ಆ ಜ್ವರ ಅಲ್ಲ. ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ಕೊಂಡು, ಅಲ್ಲಾಡ್ದಂಗೆ ಕೂತ್ಕಂತವಲ್ಲ, ಅದಕ್ಕೆ ಜ್ವರ ಅಂತೀವಿ. ಮೊದಲ್ನೇ ಜ್ವರ, ಎರಡನೇ ಜ್ವರ. ಜ್ವರ ಎದ್ರೆ ದೊಡ್ಡವಾದ್ವು ಅಂತ. ಅಕ್ಕ ನಿನಗೆ ಏನೂ ಏಳ್ಕೊಟ್ಟಿಲ್ವಾ?”

ಅವಳ ಅಕ್ಕ, ಅಂದರೆ ನನ್ನ ಹೆಂಡತಿ, ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಅವರ ಕಡೆ ಶೇಂಗಾ, ರಾಗಿ ಬಿಟ್ಟರೆ ಬೇರೆ ಬೆಳೆಯಿರಲಿಲ್ಲ. ಹಿಪ್ಪುನೇರಳೆ ಆಮೇಲೆ ಬಂತು. ಹಾಗಾಗಿ ಈ ಜ್ವರ ನಮ್ಮ ಮನೆ ತನಕ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು. ಆ ಸಮಾಧಾನವನ್ನು ಅವಳೇ ಮುಂದಿನ ಮಾತಿನಲ್ಲಿ ಕಿತ್ತುಕೊಂಡಳು.

“ಆದ್ರೆ ಹುಸಾರಾಗಿರ್ಬೇಕು. ಜ್ವರಕ್ಕೆ ಕೂತಾಗ ರೂಮು ಒಣಗಿರ್ಬೇಕು. ತ್ಯಾವ ಆಯ್ತೋ, ಕೆಲವು ಏಳ್ತವೆ, ಕೆಲವು ಏಳಲ್ಲ. ಏಳು ಬೀಳಾದ ಹುಳ ಒಯ್ದೋನ ಮನೇಲಿ ಬೆಳೆ ಪೂರಾ ಏಳು ಬೀಳು. ಹೋದ ಸಲ ಆ ಕಡೆ ಊರಿನ ಚಾಕಿ ಮನೇಲಿ ಹಂಗಾಯ್ತು. ಈಗ ಅಲ್ಲಿಗೆ ಯಾರೂ ಹೋಗಲ್ಲ, ಬಾಗ್ಲು ಮುಚ್ಚವ್ರೆ.”

ಅವಳು ಅದನ್ನು ಸೊಪ್ಪಿನ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಗಂಡ ಹಿಂದೂಪುರಕ್ಕೆ ಹೋಗಿದ್ದ. ಎರಡು ಕೋಣೆಗಳ ಹುಳು, ಅವಳ ಹೆಸರು, ಮುಂದಿನ ಬೆಳೆಗೆ ಅವಳ ಬಾಗಿಲಿಗೆ ಜನ ಬರುತ್ತಾರೋ ಇಲ್ಲವೋ ಎಂಬುದು, ಎಲ್ಲ ಆ ಹೊತ್ತಿಗೆ ನನ್ನ ಬೆಡ್‌ಶೀಟಿನ ಗಂಟಿನ ಮೇಲೆ ಬಂದು ಕೂತಂತಾಯಿತು.

ಹುಳುಗಳಿಗೆ ಕಟುವಾಸನೆ ಆಗದು. ಸೋಪಿನಿಂದ ಮುಖ ತೊಳೆಸಿದಳು, ಮೂಸಿ ನೋಡಿದಳು, ಮತ್ತೆ ತೊಳೆಸಿದಳು. ಕೊನೆಗೆ ಕೈಯಾಡಿಸಿ ತೀರ್ಪು ಕೊಟ್ಟಳು: ಎರಡೂ ಕೋಣೆಗೆ ನನಗೆ ಪ್ರವೇಶವಿಲ್ಲ. ಪಕ್ಕಕ್ಕೆ ಹತ್ತಿಕೊಂಡಿದ್ದ, ಬೇರೆ ಬಾಗಿಲಿನ ಚಿಕ್ಕ ಕೊಠಡಿಯಲ್ಲಿ ಸರ್ವರಿನ ಜೊತೆ ಕೂತಿರಬೇಕು. ನಮ್ಮ ಕಡೆ ಬೆಕ್ಕಿಗೂ ‘ಬರ್ರಿ’ ಎನ್ನುತ್ತೇವೆ; ಅವರ ಕಡೆ ಅಕ್ಕನ ಗಂಡನನ್ನೂ ಹೀಗೆ ಹೊರಗಿಡುತ್ತಾರೆ. ಆದರೆ ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಹುಳುಗಳನ್ನು ಕಣ್ಣಾರೆ ನೋಡದಿದ್ದರೆ ಹೆದರಿಕೆ ಕಡಿಮೆ ಎಂದುಕೊಂಡೆ.

ಸರ್ವರಿನ ಮುಚ್ಚಳ ತೆಗೆದು ಕಾರ್ಡನ್ನು ಅದರ ಸ್ಲಾಟಿನಲ್ಲಿ ಒತ್ತಿ, ತಗಡಿನ ತುದಿಗೆ ಸ್ಕ್ರೂ ಬಿಗಿದೆ. ಕರೆಂಟು ಕೊಟ್ಟೆ. ಫ್ಯಾನುಗಳು ನಮ್ಮ ಘಟಕದ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ಹೊರಟಂತೆ ಸದ್ದು ಮಾಡಿದವು. ಲಿನಕ್ಸ್ ಎದ್ದಿತು. ಒಳಗೆ ಯಾವ ಯಾವ ಕಾರ್ಡು ಇದೆ ಎಂದು ಕೇಳುವ ಆಜ್ಞೆ ಕೊಟ್ಟೆ. ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು. ನೆಟ್‌ವರ್ಕಿನದು ಇತ್ತು, ಡಿಸ್ಕಿನದು ಇತ್ತು, ನಾನೆಂದೂ ಹೆಸರು ಕೇಳದ ಏನೇನೋ ಇದ್ದವು. ನಮ್ಮ ಕಾರ್ಡು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬೇರೆ ಮನುಷ್ಯರು ಏನು ಯೋಚಿಸುತ್ತಾರೋ ನನಗೆ ತಿಳಿಯದು. ನಾನು ಮಾತ್ರ ಕಾರ್ಡು ಸತ್ತಿತು ಎಂಬಲ್ಲಿಂದ ಹೊರಟು, ಸರ್ವರೂ ಸತ್ತಿತು, ಹುಳುವೂ ಸತ್ತಿತು, ನಾದಿನಿ ಮಾತು ಬಿಟ್ಟಳು, ಹೆಂಡತಿ ತವರಿಗೆ ಹೋಗಲಾರದೆ ನನ್ನನ್ನು ಬೈಯುತ್ತಾ ಮುದುಕಿಯಾದಳು ಎಂಬಲ್ಲಿಗೆ ಬಲು ಬೇಗ ಮುಟ್ಟಿದೆ. ಅಲ್ಲಿಂದ ಹಿಂದಕ್ಕೆ ಬರಲು ಹೊತ್ತು ಹಿಡಿಯಿತು. ಬಂದ ಮೇಲೆ ಕರೆಂಟು ತೆಗೆದು, ಬ್ಯಾಟರಿ ದೀಪ ಹಿಡಿದು ಕಾರ್ಡನ್ನು ಬಗ್ಗಿ ನೋಡಿದೆ. ಈ ಕೊನೆ ಬಿಗಿಯಾಗಿ ಕೂತಿತ್ತು. ಆ ಕೊನೆ, ಒಳಗಿನದು, ಕೂದಲೆಳೆಯಷ್ಟು ಮೇಲೆದ್ದಿತ್ತು. ನಾನೇ ಹೆದರಿಕೆಗೆ ಸ್ಕ್ರೂವನ್ನು ಅತಿಯಾಗಿ ಬಿಗಿದಿದ್ದೆ. ತಗಡು ಬಾಗಿ ಕಾರ್ಡಿನ ಬಾಲ ಎತ್ತಿಬಿಟ್ಟಿತ್ತು. ಬಿದ್ದುಹೋದೀತೆಂದು ಬಿಗಿದದ್ದಕ್ಕೇ ಅದು ಎದ್ದದ್ದು. ಸ್ಕ್ರೂ ಸಡಿಲಿಸಿ, ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿದೆ. ಟಕ್ ಎಂದಿತು. ಮತ್ತೆ ಕರೆಂಟು, ಮತ್ತೆ ಆಜ್ಞೆ, ಈ ಸಲ ಪಟ್ಟಿಯ ತಳದಲ್ಲಿ ಕಾರ್ಡಿನ ಹೆಸರು.

ಆದರೆ ಕಾರ್ಡು ಕಂಡದ್ದಷ್ಟೇ. ಅದರ ಎರಡು ಪೋರ್ಟುಗಳು ಕಾಣಲಿಲ್ಲ. ಮನೆ ಇದೆ, ಬಾಗಿಲಿಲ್ಲ. ಲಿನಕ್ಸ್ ಏಳುವಾಗ ತನ್ನಷ್ಟಕ್ಕೆ ಗೊಣಗಿಕೊಂಡ ಸಾಲುಗಳನ್ನೆಲ್ಲ ಓದಿದೆ. ಕಾರ್ಡು ಸಿಕ್ಕಿತು ಎಂದು ಒಂದು ಕಡೆ, ಪೋರ್ಟು ದಾಖಲಿಸಲು ಆಗಲಿಲ್ಲ ಎಂದು ಅದರ ಕೆಳಗೆ. ಕಾರಣ ತಿಳಿಯಲು ಮನೆಯ ಹಿಂದಿನ ದಿಬ್ಬ ಹತ್ತಿ ಇಂಟರ್ನೆಟ್ ಸಿಗ್ನಲ್ ಹುಡುಕಬೇಕಾಯಿತು. ಕುರಿ ಕಾಯುತ್ತಿದ್ದವನೊಬ್ಬ ನಾನು ಫೋನು ಆಕಾಶಕ್ಕೆ ಎತ್ತಿ ಸುತ್ತುವುದನ್ನು ನೋಡಿ ಕುರಿಗಳನ್ನು ಸ್ವಲ್ಪ ದೂರ ಹೊಡೆದುಕೊಂಡು ಹೋದ. ಕೊನೆಗೆ ತಿಳಿದದ್ದು ಇಷ್ಟು: ಈ ಲಿನಕ್ಸಿನ ತಿರುಳು, ಎಂದರೆ ಕರ್ನಲ್ಲು, ಸೀರಿಯಲ್ ಪೋರ್ಟುಗಳು ನಾಲ್ಕೇ ಇರುತ್ತವೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿತ್ತು. ಆ ನಾಲ್ಕು ಜಾಗವನ್ನೂ ಸರ್ವರಿನ ಬೋರ್ಡು ತನ್ನವೇ ಆದ, ಯಾರೂ ಬಳಸದ ಪೋರ್ಟುಗಳಿಗೆ ಕೊಟ್ಟು ಕೂತಿತ್ತು. ನಮ್ಮವು ತುಂಬಿದ ಬಸ್ಸು ಹತ್ತಲು ಬಂದವರಂತೆ ಹೊರಗೇ ಉಳಿದಿದ್ದವು. ಏಳುವಾಗ ಅದರ ಕಿವಿಯಲ್ಲಿ ‘ಎಂಟು ಇವೆ’ ಎಂದು ಒಂದು ಮಾತು ಹೇಳಿದರೆ ಸಾಕಂತೆ.

ಹೇಳಿದೆ. ಸರ್ವರ್ ಆರಿಸಿ ಮತ್ತೆ ಹೊತ್ತಿಸಬೇಕು. ಆ ಆಜ್ಞೆಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತೆ. ಒಮ್ಮೆ ಆರಿದ್ದು ಮತ್ತೆ ಏಳುತ್ತದೆಂದು ನಂಬುವುದು ನನಗೆ ಎಂದೂ ಸುಲಭವಲ್ಲ. ಬೆಳಗಿನ ಹೊತ್ತು ಮನೆಯಲ್ಲಿ ಯಾರಾದರೂ ಏಳುವುದು ತಡವಾದರೂ ಹೋಗಿ ಮೂಗಿನ ಬಳಿ ಕೈ ಹಿಡಿಯುವವನು ನಾನು. ಒತ್ತಿದೆ. ಎದ್ದಿತು. ಎರಡೂ ಪೋರ್ಟುಗಳು ಬಂದಿದ್ದವು.

ಇನ್ನುಳಿದದ್ದು ವೈರು ಚುಚ್ಚುವುದು. ಅಷ್ಟೇ.

ವೈರುಗಳಿಗೆ ಹೋದ ವರ್ಷ ನಾನೇ ಚೀಟಿ ಅಂಟಿಸಿದ್ದೆ. ಒಂದರ ಮೇಲೆ ‘ಎಡ’, ಇನ್ನೊಂದರ ಮೇಲೆ ‘ಬಲ’, ಎಂದರೆ ಯಾವ ಬದಿಯ ಪೋರ್ಟಿಗೆ ಚುಚ್ಚಬೇಕೆಂದು. ಎಡದ್ದು ಮರಿಗಳ ಕೋಣೆಯದು, ಅಲ್ಲಿ ಮೊನ್ನೆ ಮೊಟ್ಟೆಯೊಡೆದ ಹುಳುಗಳು ಸೊಪ್ಪು ಮೇಯುತ್ತಿದ್ದವು, ಅವಕ್ಕೆ ಮಂಜು ಬೇಕು. ಬಲದ್ದು ಈಗ ಜ್ವರಕ್ಕೆ ಕೂತವರ ಕೋಣೆ, ಅಲ್ಲಿಗೆ ಮಂಜು ಬೇಡ. ಚೀಟಿ ಬರೆದಾಗಿನ ಕಂಪ್ಯೂಟರು ನಿಂತಿರುವ ಜಾತಿಯದು, ಅದರಲ್ಲಿ ಪೋರ್ಟುಗಳು ಅಕ್ಕಪಕ್ಕ ಇದ್ದವು. ಈ ಸರ್ವರೋ ಮಲಗಿದ್ದು. ಇದರಲ್ಲಿ ಕಾರ್ಡು ನೆಟ್ಟಗೆ ನಿಂತು, ಪೋರ್ಟುಗಳು ಒಂದರ ಕೆಳಗೊಂದು ಬಂದಿದ್ದವು. ನಿಂತವನ ಎಡಗಡೆ, ಮಲಗಿದಾಗ ಮೇಲಾಗುತ್ತದೋ ಕೆಳಗಾಗುತ್ತದೋ?

ಕೂತು ಯೋಚಿಸಿದರೆ ತಿಳಿಯಲಿಲ್ಲ. ಸರ್ವರ್ ಹೇಗೆ ಮಲಗಿದೆಯೋ ಹಾಗೆ ನಾನೂ ನೆಲದ ಮೇಲೆ ಬಲಮಗ್ಗುಲಾಗಿ ಮಲಗಿ, ಎಡಗೈ ಎತ್ತಿ ನೋಡಿದೆ. ಎಡಗೈ ಮೇಲಿತ್ತು. ಹಾಗಾದರೆ ಎಡ ಎಂದರೆ ಮೇಲೆ. ಖಚಿತಪಡಿಸಿಕೊಳ್ಳಲು ಹಾಗೇ ಮಲಗಿದ್ದೆ. ಸೊಪ್ಪಿನ ಮಕ್ಕರಿ ಹೊತ್ತು ಹೋಗುತ್ತಿದ್ದ ನಾದಿನಿ ಬಾಗಿಲಲ್ಲಿ ನಿಂತಳು.

“ಯಾಕ್ ಬಾವ, ನೀನೂ ಜ್ವರಕ್ಕೆ ಕೂತ್ಯಾ?”

“ಎಡ ಯಾವ್ದು ಅಂತ ನೋಡಾಕತ್ತೀನವ್ವಾ.”

“ಉಣ್ಣೋದು ಯಾವ ಕೈಲಿ ಅಂತ ಗೊತ್ತೈತೋ ಇಲ್ವೋ? ಮುದ್ದೆ ಆಗೈತೆ, ಎದ್ದು ಬಾ.”

ವೈರು ಚುಚ್ಚಿದೆ. ಪರದೆಯ ಮೇಲೆ ಎರಡು ಕೋಣೆಗಳ ಬಿಸಿ, ತೇವದ ಅಂಕೆಗಳು ಮೂಡಿದವು. ಕಂಪ್ಯೂಟರು ಸುಟ್ಟಾಗಿನಿಂದ ಯಂತ್ರವಿಲ್ಲದೆ ಎರಡೂ ಕೋಣೆ ಒಂದೇ ಸಮ ಇದ್ದವು, ಅಂಕೆಗಳೂ ಹೆಚ್ಚುಕಡಿಮೆ ಒಂದೇ. ಮರಿಗಳ ಕೋಣೆಗೆ ತೇವ ಹೆಚ್ಚಲಿ, ಜ್ವರದ ಕೋಣೆ ಒಣಗಿರಲಿ ಎಂದು ನಿಗದಿ ಮಾಡಿ ಬಿಟ್ಟೆ. ಒಳಗೆಲ್ಲೋ ಮಂಜಿನ ಯಂತ್ರ ಗುರ್ ಎಂದಿತು. ಪರದೆಯಲ್ಲಿ ಮರಿಗಳ ಕೋಣೆಯ ಅಂಕೆ ಮೆಲ್ಲಗೆ ಏರತೊಡಗಿತು. ಏರಿ, ನಾನು ಹೇಳಿದಲ್ಲಿಗೆ ಮುಟ್ಟಿ, ಅಲ್ಲೇ ನಿಂತಿತು. ಅಷ್ಟು ಚೆಂದವಾಗಿ ನನ್ನ ಮಾತು ಕೇಳಿದ್ದನ್ನು ನಾನು ಬದುಕಿನಲ್ಲಿ ಕಂಡಿರಲಿಲ್ಲ. ಮನೆಯೊಳಗೆ ಹೋಗಿ ಕಾಲು ಚಾಚಿ ಕೂತು, ರಾಗಿ ಮುದ್ದೆ ಉಂಡೆ. ಇನ್ನೊಂದು ಅರ್ಧ ಹಾಕಿಸಿಕೊಂಡೆ. ಹೆಂಡತಿಗೆ ಫೋನು ಮಾಡಿ “ಆತು ನೋಡ, ಏನೂ ತೊಂದರೆ ಇಲ್ಲ” ಎಂದೆ. ಅವಳು “ಹೌದಾ? ನೀವಾ ಹೇಳಾಕತ್ತೀರಿ?” ಎಂದು ಅನುಮಾನಿಸಿದಳು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ನಾದಿನಿಯ ಕೂಗು ಕೇಳಿದ್ದು ಆಗ.

“ಬಾವಾ! ನಿಲ್ಸು! ಜ್ವರದ ರೂಮ್ನಾಗೆ ಮಂಜು!”

ಕೈ ತೊಳೆಯದೆ ಓಡಿದೆ. ಕೀಲಿಮಣೆಗೆ ಮುದ್ದೆಯ ಬೆರಳು ಹಚ್ಚಲು ಭಯವಾಗಿ, ಸರ್ವರಿನ ಕರೆಂಟನ್ನೇ ಕಿತ್ತೆ. ಗುರ್ ಎನ್ನುವುದು ನಿಂತಿತು. ತೇವ ಹೀರಲು ಸುಣ್ಣದ ಪುಡಿ ಉದುರಿಸಲೆಂದು ಜ್ವರದ ಕೋಣೆಯ ಬಾಗಿಲು ತೆಗೆದವಳಿಗೆ ಎದುರಿನ ಗೋಡೆ ಕಾಣಿಸಿರಲಿಲ್ಲವಂತೆ. ತೆರೆದ ಬಾಗಿಲಿನಿಂದ ಬಿಳಿ ಮಂಜು ಅಂಗಳಕ್ಕೆ ಬಂದು ಬಿಸಿಲಿನಲ್ಲಿ ಕರಗುತ್ತಿತ್ತು. ನಾನು ಹೊಸ್ತಿಲಾಚೆ ನಿಂತು ಅದನ್ನು ನೋಡಿದೆ.

ಮರಿಗಳ ಕೋಣೆಯದೆಂದು ನಾನು ಹಿಗ್ಗಿದ ಅಂಕೆ ಜ್ವರದ ಕೋಣೆಯದಾಗಿತ್ತು. ಸುದ್ದಿ ತರುವುದೂ ಆಜ್ಞೆ ಒಯ್ಯುವುದೂ ಒಂದೇ ವೈರಾದ್ದರಿಂದ, ಅದಲುಬದಲಾದ ಮೇಲೂ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಂಡಿತ್ತು. ಹೋದ ವರ್ಷ ಚೀಟಿ ಬರೆದದ್ದು ಕಂಪ್ಯೂಟರಿನ ಬೆನ್ನ ಕಡೆ ನಿಂತು. ಇವತ್ತು ನಾನು ಮಲಗಿ ನೋಡಿದ್ದು ಅದರ ಮುಖ ನಾನಾಗಿ. ಬೆನ್ನಿನಿಂದ ನೋಡಿದವನ ಎಡ, ಮುಖದ ಕಡೆಯವನ ಬಲ. ಯಾರ ಎಡ ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

“ಏನಾತವ್ವಾ? ಸತ್ತುವಾ?”

“ಜ್ವರದಾಗಿರೋವು ಈಗಲೇ ಹೆಂಗೆ ಗೊತ್ತಾಗ್ತವೆ? ಎದ್ರೆ ಎದ್ವು. ನೀನು ಆ ಕಡೆ ಹೋಗು, ವಾಸ್ನೆ!” ಅವಳು ಈಗ ನಗಲಿಲ್ಲ. ಕಿಟಕಿಗಳನ್ನೆಲ್ಲ ತೆಗೆದಳು. ತಟ್ಟೆಗಳ ಮೇಲೆ ಸುಣ್ಣ ಉದುರಿಸಿದಳು. ಆಮೇಲೆ ಮರಿಗಳ ಕೋಣೆಗೆ ಹೋಗಿ, ಅಲ್ಲಿ ಒಣಗುತ್ತಿದ್ದ ಸೊಪ್ಪು ತೆಗೆದು, ಹಳೇ ಕಾಲದಂತೆ ಗೋಣಿಚೀಲ ನೆನೆಸಿ ಕಟ್ಟಿದಳು. ನೀರು ಹೊತ್ತು ಬಾಗಿಲ ತನಕ ತಂದುಕೊಡುವ ಕೆಲಸ ನನಗೆ ಸಿಕ್ಕಿತು. ತುಳುಕಿಸದೆ ತಂದೆ. ಬೇರೆ ಏನು ಮಾಡಲೂ ನನ್ನನ್ನು ನಾನೇ ನಂಬುವಂತಿರಲಿಲ್ಲ.

ಸಂಜೆ ಮುಂದೆ ಬೈಕಿನ ಸದ್ದಾಯಿತು. ಮಾರನೆಯ ದಿನ ಹುಳು ಒಯ್ಯಬೇಕಾದ ರೈತ, ಅಮರಾಪುರದ ಕಡೆಯವನು. ನಾನು ಕಂಬದ ಹಿಂದೆ ಸರಿದೆ. ಇವಳು ಹೇಳುತ್ತಾಳೋ, ಮುಚ್ಚುತ್ತಾಳೋ? ಯಾವುದಾದರೂ ನನಗೆ ಹೆದರಿಕೆಯೇ.

“ನಾಳೆ ಬಂದ್ರೆ ಸಿಕ್ತವಾ ಅಕ್ಕಾ? ಸೊಪ್ಪು ಕೊಯ್ಯೋಕೆ ಆಳಿಗೆ ಏಳ್ಬುಟ್ಟಿದೀನಿ.”

“ಬಾ. ಆದ್ರೆ ಒಂದ್ ಮಾತು ಕಣಪ್ಪ. ಜ್ವರಕ್ಕೆ ಕೂತಾಗ ರೂಮು ತ್ಯಾವ ಆಯ್ತು. ಎದ್ಮೇಲೆ ನೀನೇ ಕಣ್ಣಿಂದ ನೋಡು. ಸಮನಾಗಿ ಎದ್ದಿದ್ರೆ ತಗಂಡೋಗು. ಇಲ್ದಿದ್ರೆ ಬ್ಯಾಡ.”

“ಅದೆಂಗೆ ತ್ಯಾವ ಆಯ್ತು? ನಿನ್ ಮನೇಲಿ ಯಾವತ್ತೂ ಆಗಿರ್ಲಿಲ್ಲ.”

“ನಮ್ ಬಾವ. ಅಗೋ, ಅಲ್ಲಿ ಕಂಬದ ಹಿಂದೆ ನಿಂತವ್ನಲ್ಲ.”

ನಾನು ಕಂಬದ ಹಿಂದಿನಿಂದ ಈಚೆ ಬಂದು ಕೈ ಮುಗಿದೆ. “ನಮಸ್ಕಾರ್ರಿ. ವೈರು ಅದಲುಬದಲು ಆಗಿತ್ರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾವೂರ್ನವ್ರು?”

“ರಾಯದುರ್ಗ್ರಿ.”

“ಓ, ಪ್ಯಾಂಟ್ ಹೊಲಿಯೋ ಊರು” ಎಂದ. ಅದಕ್ಕಿಂತ ಹೆಚ್ಚು ವಿವರಣೆ ಅವನಿಗೆ ಬೇಕಾದಂತೆ ಕಾಣಲಿಲ್ಲ. “ನಾಳೆ ಬತ್ತೀನಿ, ನೋಡಾನ” ಎಂದು ಬೈಕು ತಿರುಗಿಸಿದ. ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ, ನೋಡೋಣ ಎಂದ. ನಾದಿನಿ ಆ ಬೈಕು ದಾರಿ ತಿರುಗುವ ತನಕ ನೋಡುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೊಂದೇ ಸಲ. ಹೆದರಿಕೆ ನನಗೆ ಚೆನ್ನಾಗಿ ಗುರುತು ಸಿಗುತ್ತದೆ.

“ಸರ್ವರ್ ವಾಪಸ್ ಒಯ್ತೀನವ್ವಾ” ಎಂದೆ. “ಗೋಣಿಚೀಲನ ಇರ್ಲಿ.”

“ಸುಮ್ಕಿರು ಬಾವ. ಗೋಣಿಚೀಲಕ್ಕೆ ನೀರು ಹೊರೋಕೆ ನೀನು ದಿನಾ ರಾಯದುರ್ಗದಿಂದ ಬತ್ತೀಯಾ?”

ಆ ರಾತ್ರಿ ಹುಳುಗಳೂ ಮೇಯಲಿಲ್ಲ, ನಾನೂ ಮಲಗಲಿಲ್ಲ. ಬೆಳಗಾದಾಗ ಮುಲಾಮಿನ ವಾಸನೆ ಹೋಗಿತ್ತು. ಕಿತ್ತುಕೊಂಡ ಡಬ್ಬಿಯನ್ನು ಅವಳು ಎಲ್ಲಿಟ್ಟಳೋ ನನಗೆ ತಿಳಿಸಿರಲಿಲ್ಲ. ಮೂಸಿ ನೋಡಿ, ಸುಣ್ಣದ ನೀರಿನಲ್ಲಿ ಕಾಲು ಅದ್ದಿಸಿ, ನನ್ನನ್ನು ಮೊದಲ ಸಲ ಜ್ವರದ ಕೋಣೆಯೊಳಗೆ ಬಿಟ್ಟಳು.

ಕೋಣೆ ಒಣಗಿತ್ತು. ಒಂದರ ಮೇಲೊಂದು ಅಟ್ಟಿ ಹಾಕಿದ ತಟ್ಟೆಗಳು. ಅವಳು ಒಂದನ್ನು ಕೆಳಗಿಳಿಸಿದಳು. ಸುಣ್ಣದ ಬಿಳಿಯ ನಡುವೆ ಕಂದು ಗೀಟುಗಳಂಥ ಹುಳುಗಳು. ಅವುಗಳ ಪಕ್ಕದಲ್ಲಿ ಕಳಚಿಟ್ಟ ಪೊರೆಯ ಚೂರುಗಳು. ಅವಳು ಬಗ್ಗಿ ಮೆತ್ತಗೆ ಉಸಿರು ಬಿಟ್ಟಳು. ತಟ್ಟನೆ, ಒಟ್ಟಿಗೆ, ಎಲ್ಲ ತಲೆಗಳೂ ಅತ್ತಿತ್ತ ಆಡಿದವು. “ಎದ್ದವೆ” ಎಂದಳು. ಇನ್ನೊಂದು ತಟ್ಟೆ. ಎದ್ದವೆ. ಇನ್ನೊಂದು. ನಾನು ಅವಳ ಹಿಂದೆ ಉಸಿರು ಹಿಡಿದು ನಿಂತಿದ್ದೆ, ನನ್ನ ಉಸಿರಿಗೂ ಏನಾದರೂ ಆದೀತೆಂದು. ಮಂಜಿನ ಕೊಳವೆಯ ಬಾಯಿಗೆ ಹತ್ತಿರವಿದ್ದ ಅಟ್ಟಿಗೆ ಬಂದಾಗ ಅವಳ ಕೈ ನಿಧಾನವಾಯಿತು. ಆ ತಟ್ಟೆಗಳಲ್ಲಿ ಅರ್ಧಕ್ಕರ್ಧ ಇನ್ನೂ ತಲೆಯೆತ್ತಿಕೊಂಡು ಕಲ್ಲಿನಂತೆ ಕೂತಿದ್ದವು. ಊದಿದಳು. ಅಲ್ಲಾಡಲಿಲ್ಲ.

“ಇವು?” ಎಂದೆ.

“ತಡವಾಗಿ ಎದ್ರೂ ಎದ್ದಾವು. ಇಲ್ಲ, ಇಲ್ಲ.” ಅಷ್ಟೇ ಹೇಳಿ ಆ ಅಟ್ಟಿಯನ್ನು ಪೂರಾ ಬೇರೆ ಎತ್ತಿಟ್ಟಳು.

ರೈತ ಬಂದ. ಅವನೂ ಒಂದೊಂದು ತಟ್ಟೆಯ ಮೇಲೆ ಊದಿ ನೋಡಿದ. ಹೊತ್ತು ತೆಗೆದುಕೊಂಡ. ಒಳ್ಳೆಯವನ್ನು ಒಯ್ದ. ಎತ್ತಿಟ್ಟ ಅಟ್ಟಿಯ ಕಡೆ ಕಣ್ಣು ಮಾಡಿ “ಇವು ಯಾರ್ ಪಾಲಿಗೆ?” ಎಂದು ಕೇಳಿದ. “ನಮ್ದೇ ಶೆಡ್ಡಿಗೆ. ಎದ್ದಷ್ಟು ನಾನೇ ಸಾಕ್ತೀನಿ, ಯಾರಿಗೂ ಕೊಡಲ್ಲ” ಎಂದಳು. ಅವನು ತಲೆಯಾಡಿಸಿದ. ಹೊರಡುವಾಗ, ಬೈಕು ಹತ್ತಿದ ಮೇಲೆ, ಮುಂದಿನ ಬೆಳೆಗೆ ತನ್ನ ಭಾವಮೈದನಿಗೂ ಇಲ್ಲಿಂದಲೇ ಹುಳು ಬೇಕು, ಮೊಟ್ಟೆ ತರುವಾಗ ಲೆಕ್ಕಕ್ಕೆ ಹಿಡಿ ಎಂದ. ನಾದಿನಿ “ಆಯ್ತು” ಎಂದಳು, ಏನೂ ಆಗದವಳಂತೆ. ಅವನು ಮರೆಯಾದ ಮೇಲೆ ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಎದ್ದಳು. “ಮರಿಗಳ ರೂಮು ಒಣಗ್ತಾ ಐತೆ. ಹಾಕು ಬಾವ ಮಿಷಿನ್ನು.”

“ಬ್ಯಾಡವ್ವಾ. ಇವತ್ತೊಂದಿನ ಕೈಯಾಗ ಮಾಡೋಣ.”

“ನಾಳೆ ನೀನು ಹೊಂಟೋಗ್ತೀಯ. ಇವತ್ತೇ ಹಾಕು. ನಾನು ಒಳಗೆ ನಿಂತ್ಕಂತೀನಿ. ಮಂಜು ಬಂದ್ರೆ ಕೂಗ್ತೀನಿ.”

ವೈರುಗಳನ್ನು ಕಿತ್ತು ಅದಲುಬದಲು ಮಾಡಿ ಚುಚ್ಚಿದೆ. ಹಳೇ ಚೀಟಿಗಳನ್ನು ಕಿತ್ತೆಸೆದೆ. ಸರ್ವರ್ ಹೊತ್ತಿಸಿದೆ. ಕಾರ್ಡು ಕಂಡಿತು. ಪೋರ್ಟುಗಳೂ ಕಂಡವು. ಮರಿಗಳ ಕೋಣೆಗೆ ಮಂಜು ಎಂದು ಆಜ್ಞೆ ಕೊಟ್ಟೆ. ಗೋಡೆಯಾಚೆ ಗುರ್ ಎಂದಿತು. ಕಾದೆ. ಕೂಗು ಬರಲಿಲ್ಲ. ಪರದೆಯ ಮೇಲೆ ಅಂಕೆ ಚೆಂದವಾಗಿ ಏರತೊಡಗಿತು, ನಿನ್ನೆ ಏರಿದ ಹಾಗೆಯೇ.

“ಬಂತೇನವ್ವಾ?”

“ಬಂತು ಬಾವ!” ಗೋಡೆಯಾಚೆಯಿಂದ ದನಿ ಬಂತು. “ಚೆನ್ನಾಗಿ ಬತ್ತೈತೆ!”

“ಎಲ್ಲಿ ಬಂತು?”

“ನಾನು ನಿಂತಿರೋ ರೂಮ್ಗೇ ಕಣ್ ಬಾವ!”

ನಾನು ಎದ್ದು ಗೋಡೆಗೆ ಬಾಯಿ ಹಚ್ಚಿ ಕೂಗಿದೆ: “ನೀ ಯಾವ ರೂಮಿನಾಗ ನಿಂತೀಯವ್ವಾ, ಅದನ್ನ ಮೊದ್ಲ ಹೇಳು!”